ಮಸ್ಸೆರಿಯಾದಲ್ಲಿ ಮದುವೆ ಶೂಟಿಂಗ್: ಮೊದ್ಲು ಮನೆ ಓದ್ಕೊಳ್ಳಿ, ಆಮೇಲೆ ಕ್ಯಾಮೆರಾ ತೆಗೀರಿ

ಎಲ್ರಿಗೂ ನಮಸ್ಕಾರ. ಮದುವೆ ವಿಡಿಯೋ ಮಾಡೋ ನಮ್ಮ ಹುಡುಗ್ರು ಸೇರಿದ್ದ ಕಡೆ ನಾನು ಮಾತಾಡಿದ್ದನ್ನ ಬರೆದು ಹಾಕಿ ಅಂತ ಸುಮಾರು ಜನ ಕೇಳಿದ್ರು, ಅದಕ್ಕೇ ಇದು. ಮಾತಾಡಿದ ಹಂಗೇ ಇಟ್ಟಿದೀನಿ, ಕ್ಲಿಪ್ ತೋರಿಸ್ಕೊಂಡು ಹೇಳಿದ್ದನ್ನ ಮಾತ್ರ ಸ್ವಲ್ಪ ಬಿಡಿಸಿ ಬರೆದಿದೀನಿ.

ವಿಷಯ ಏನಂದ್ರೆ ಇಟಲಿಯ ಹಳೇ ಜಮೀನ್ದಾರಿ ಮನೆಗಳಲ್ಲಿ ಮದುವೆ ಶೂಟ್ ಮಾಡೋದು. 2017ರ ಡಿಸೆಂಬರಲ್ಲಿ ನಮ್ಮ ಆರ್‌ಸಿಬಿ ಕೊಹ್ಲಿ ಮದುವೆ ಟಸ್ಕನಿಯ ಬೋರ್ಗೋ ಫಿನೊಕಿಯೇತೋದಲ್ಲಿ ಆಯ್ತು, ಮಾರನೇ ವರ್ಷ ನವೆಂಬರಲ್ಲಿ ನಮ್ಮ ಬೆಂಗಳೂರಲ್ಲೇ ಬೆಳೆದ ದೀಪಿಕಾ ಪಡುಕೋಣೆ ಮದುವೆ ಕೋಮೋ ಸರೋವರದ ದಂಡೆಯಲ್ಲಿರೋ ವಿಲ್ಲಾ ದೆಲ್ ಬಾಲ್ಬಿಯಾನೆಲ್ಲೋದಲ್ಲಿ ಆಯ್ತು, ಆಮೇಲಿಂದ ಇಟಲಿ ಅಂದ್ರೆ ಮದುವೆ ಅನ್ನೋ ಹಂಗಾಗಿದೆ. ಆದ್ರೆ ನಾನು ಹೇಳ್ತಿರೋದು ಆ ಎರಡು ಜಾಗದ ಬಗ್ಗೆ ಅಲ್ಲ. ಮ್ಯಾಪಲ್ಲಿ ಇಟಲಿ ಬೂಟಿನ ಹಿಮ್ಮಡಿ ಇದೆಯಲ್ಲ, ಪುಲಿಯಾ, ದಕ್ಷಿಣದ ಕೊನೆ, ಅಲ್ಲಿ ಆಲಿವ್ ತೋಟಗಳ ಮಧ್ಯೆ ಬಿಳೀ ಬಿಳೀ ಕಲ್ಲಿನ ದೊಡ್ಡ ಮನೆಗಳಿವೆ, ಮಸ್ಸೆರಿಯಾ ಅಂತಾರೆ, ಅದರ ಬಗ್ಗೆ. 2024ರ ಜೂನಲ್ಲಿ ಜಿ7 ಸಭೆಗೆ ಮೋದಿ ಹೋಗಿದ್ದನ್ನ ಟಿವಿಯಲ್ಲಿ ನೋಡಿರ್ತೀರ, ಆ ಬೋರ್ಗೋ ಎನ್ಯಾತ್ಸಿಯಾ ಇರೋದು ಇದೇ ಪುಲಿಯಾದ ಫಸಾನೋ ಹತ್ರ. ಆದ್ರೆ ಒಂದು ವಿಷಯ ತಿಳ್ಕೊಂಡಿರಿ, ಅದು ಹಳೇದಲ್ಲ, 2010ರಲ್ಲಿ ಶುರುವಾದ ಹೋಟೆಲ್, ಹಳೇ ಊರಿನ ಥರ ಕಾಣೋ ಹಂಗೆ ಕಟ್ಟಿರೋದು. ಚೆನ್ನಾಗೇ ಕಟ್ಟಿದಾರೆ, ಅದರ ಬಗ್ಗೆ ನಂಗೇನೂ ತಕರಾರಿಲ್ಲ. ಆದ್ರೆ ಅದರ ಸುತ್ತಮುತ್ತ ನಾಲ್ಕೈನೂರು ವರ್ಷದ ನಿಜವಾದ ಮಸ್ಸೆರಿಯಾಗಳಿವೆ, ಅಲ್ಲಿ ಶೂಟ್ ಮಾಡೋದೇ ಬೇರೆ ಕೆಲಸ.

ನಾನು ಹೇಳಬೇಕಾಗಿರೋದು ಒಂದೇ ಮಾತು. ಈ ಮನೆಗಳ ಮದುವೆ ವಿಡಿಯೋ ಹತ್ತು ತೆಗೆದು ನೋಡಿ, ಹತ್ತೂ ಒಂದೇ ಥರ ಇರತ್ತೆ. ಡ್ರೋನ್ ಮೇಲಿಂದ ಇಳಿಯತ್ತೆ, ಗೋಡೆಗೆ ನೇತುಹಾಕಿರೋ ಗೌನ್ ಅಥವಾ ಲೆಹೆಂಗಾ, ಆಲಿವ್ ಮರದ ಕೆಳಗೆ ಜೋಡಿ ನಡೀತಾರೆ, ಸಂಜೆ ಬಿಸಿಲು, ಸೀರಿಯಲ್ ಲೈಟು, ಡ್ಯಾನ್ಸ್, ಮುಗೀತು. ಇದನ್ನ ಗ್ರೀಸಲ್ಲಿ ತೆಗೆದ್ರೂ ಹಿಂಗೇ ಇರತ್ತೆ, ಸ್ಪೇನಲ್ಲಿ ತೆಗೆದ್ರೂ ಹಿಂಗೇ. ಯಾಕೆ ಅಂದ್ರೆ ಮನೆ ಯಾಕೆ ಹಿಂಗಿದೆ ಅಂತ ಯಾರೂ ಕೇಳ್ಕೊಂಡಿಲ್ಲ. ಕೇಳ್ಕೊಂಡ್ರೆ ಕ್ಯಾಮೆರಾ ಎಲ್ಲಿಡಬೇಕು, ಲೈಟ್ ಯಾವ ಕಡೆಯಿಂದ ಬರತ್ತೆ, ಸೌಂಡ್ ಎಲ್ಲಿ ಕೆಡತ್ತೆ, ಎಲ್ಲದಕ್ಕೂ ಆ ಮನೆಯೇ ಉತ್ತರ ಕೊಡತ್ತೆ. ಇದು ದೊಡ್ಡ ಮಾತಲ್ಲ, ಕೆಲಸದ ಮಾತು, ಒಂದೊಂದೇ ಹೇಳ್ತೀನಿ.

ಮೊದ್ಲು ಗೋಡೆ. ಹಳೇ ಮಸ್ಸೆರಿಯಾ ಹೊರಗಡೆಯಿಂದ ನೋಡಿದ್ರೆ ಸ್ವಾಗತ ಮಾಡೋ ಮನೆ ಅನ್ನಿಸೋದೇ ಇಲ್ಲ. ಎತ್ತರದ ಗೋಡೆ, ಕೆಳಗೆ ಕಿಟಕಿ ಇಲ್ವೇ ಇಲ್ಲ ಅಂದ್ರೂ ನಡೀತದೆ, ಒಂದೇ ದೊಡ್ಡ ಬಾಗಿಲು, ಮೂಲೆಯಲ್ಲಿ ಬುರುಜು. ಯಾಕೆ? 1480ರಲ್ಲಿ ಆಟೊಮನ್ ತುರ್ಕರ ಸೈನ್ಯ ಸಮುದ್ರದಿಂದ ಬಂದು ಪುಲಿಯಾ ಕರಾವಳಿಯ ಓತ್ರಾಂತೋ ಊರನ್ನ ಹಿಡೀತು, ನೂರಾರು ಜನರನ್ನ ಕೊಂದ್ರು, ಅವರ ತಲೆಬುರುಡೆ ಮೂಳೆ ಇವತ್ತಿಗೂ ಓತ್ರಾಂತೋ ಕೆಥೆಡ್ರಲ್ ಒಳಗೆ ಗಾಜಿನ ಹಿಂದೆ ಇಟ್ಟಿದಾರೆ. ಆಮೇಲೂ ಕಡಲ್ಗಳ್ಳರ ಕಾಟ ತಪ್ಪಲಿಲ್ಲ. 16ನೇ ಶತಮಾನದಲ್ಲಿ ಕರಾವಳಿ ಉದ್ದಕ್ಕೂ ಕಾವಲು ಗೋಪುರ ಕಟ್ಟಿದ್ರು, ಒಂದರಿಂದ ಒಂದಕ್ಕೆ ಕಾಣೋ ಹಂಗೆ, ಹಗಲು ಹೊಗೆ ರಾತ್ರಿ ಬೆಂಕಿ ಹಾಕಿ ಸುದ್ದಿ ಮುಟ್ಟಿಸೋಕೆ. ಒಳಗಿದ್ದ ತೋಟದ ಮನೆಗಳೂ ಕೋಟೆ ಥರ ಆಗಿದ್ದು ಇದರಿಂದ್ಲೇ. ಎಣ್ಣೆ, ಗೋಧಿ, ಕುರಿ, ಕೆಲಸದವರು, ಎಲ್ಲಾ ಗೋಡೆ ಒಳಗೆ. ಮಧ್ಯೆ ಅಂಗಳ, ಸುತ್ತ ಕೋಣೆ, ನಮ್ಮ ತೊಟ್ಟಿಮನೆ ನೋಡಿದೋರಿಗೆ ತಕ್ಷಣ ಗೊತ್ತಾಗತ್ತೆ, ಮನೆಯ ಮುಖ ಇರೋದು ಒಳಗಡೆಗೆ, ರಸ್ತೆ ಕಡೆಗಲ್ಲ.

ಇದು ಗೊತ್ತಾದ್ಮೇಲೆ ಏನು ಬದಲಾಗತ್ತೆ ಅಂದ್ರೆ, ಬಾಗಿಲು ಬದಲಾಗತ್ತೆ. ತುಂಬಾ ಮಸ್ಸೆರಿಯಾಗಳಲ್ಲಿ ಮುಖ್ಯ ಬಾಗಿಲ ನೆತ್ತಿ ಮೇಲೆ, ಮಾಳಿಗೆ ಮಟ್ಟದಲ್ಲಿ, ಗೋಡೆಯಿಂದ ಹೊರಗೆ ಚಾಚಿರೋ ಒಂದು ಸಣ್ಣ ಕಲ್ಲಿನ ಗೂಡು ಇರತ್ತೆ. ಅದರ ತಳದಲ್ಲಿ ಒಂದು ಸೀಳು. ಬಾಗಿಲು ಒಡೆಯೋಕೆ ಬಂದೋರ ತಲೆ ಮೇಲೆ ಕಲ್ಲು, ಕುದಿಯೋ ನೀರು ಸುರಿಯೋಕೆ ಮಾಡಿದ್ದು. ಮದುವೆ ದಿನ ವರನ ಕಡೆಯವರು ಡೋಲು ಬಡ್ಕೊಂಡು ಬರೋದು ಅದೇ ಬಾಗಿಲಿಗೆ, ವಧುವಿನ ತಾಯಿ ಆರತಿ ತಟ್ಟೆ ಹಿಡ್ಕೊಂಡು ನಿಲ್ಲೋದೂ ಅದೇ ಹೊಸ್ತಿಲಲ್ಲಿ. ಮಾಲೀಕರನ್ನ ಕೇಳಿ ಪರ್ಮಿಶನ್ ತಗೊಂಡು, ಆ ಸೀಳಿನ ಮೇಲೆ ಸಣ್ಣ ಕ್ಯಾಮೆರಾ ಕ್ಲ್ಯಾಂಪ್ ಮಾಡಿ, ಸೇಫ್ಟಿ ವೈರ್ ಕಟ್ಟಿ, 24 ಎಂಎಂ ಲೆನ್ಸ್ ನೇರ ಕೆಳಗೆ ನೋಡೋ ಹಂಗೆ ಇಡಿ. ಸೀಳಿನ ಎರಡು ಕಲ್ಲಂಚು ಫ್ರೇಮಲ್ಲಿ ಕಾಣತ್ತೆ, ಅದರ ನಡುವೆ ಪೇಟ, ಆರತಿಯ ಕೆಂಪು ನೀರು, ಬಗ್ಗಿದ ತಲೆಗಳು, ಒಳಗೆ ಬರೋ ಜನ. ಡ್ರೋನಲ್ಲಿ ಎಷ್ಟೇ ದುಡ್ಡು ಸುರಿದ್ರೂ ಈ ಶಾಟ್ ಬರಲ್ಲ, ಯಾಕಂದ್ರೆ ಇದು ಆ ಬಾಗಿಲಿಗೆ ಮಾತ್ರ ಸೇರಿದ್ದು. ಬಂದೋರನ್ನ ತಡೆಯೋಕೆ ಅಂತ ಮಾಡಿದ್ದ ಜಾಗದಿಂದ ಬಂದೋರನ್ನ ಒಳಗೆ ಕರ್ಕೊಳ್ಳೋದನ್ನ ನೋಡ್ತೀವಲ್ಲ, ನಂಗೆ ಪ್ರತಿ ಸಲ ಮೈ ಜುಂ ಅನ್ನತ್ತೆ.

ಈಗ ಬೆಳಕು. ಪುಲಿಯಾ ಇರೋದು ಸುಮಾರು 41 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬೆಂಗಳೂರು 13ರಲ್ಲಿ. ಜೂನ್ ಕೊನೆಯಲ್ಲಿ ಬೆಂಗಳೂರಲ್ಲಿ ಆರೂಮುಕ್ಕಾಲಿಗೆ ಸೂರ್ಯ ಮುಳುಗಿದ್ರೆ ಅಲ್ಲಿ ಎಂಟೂಕಾಲು ದಾಟತ್ತೆ, ಮುಳುಗಿದ್ಮೇಲೂ ಅರ್ಧ ಗಂಟೆ ಮೇಲೇ ಒಳ್ಳೇ ಬೆಳಕಿರತ್ತೆ, ನಮ್ಮಲ್ಲಿ ಆದಂಗೆ ದಢಕ್ಕಂತ ಕತ್ತಲಾಗಲ್ಲ. ಅದಕ್ಕೇ ಅಲ್ಲಿನ ಪ್ಲಾನರ್‌ಗಳು ಎಲ್ಲಾ ಸಮಾರಂಭನೂ ಸಂಜೆ ಆರಕ್ಕೆ ಇಡೋಣ ಅಂತಾರೆ. ಆದ್ರೆ ನಮ್ಮ ಮುಹೂರ್ತ ಅವರ ಮಾತು ಕೇಳಲ್ವಲ್ಲ. ಅಂದಹಾಗೆ ಬೆಂಗಳೂರಿನ ಪಂಚಾಂಗ ನೋಡಿ ತೆಗೆದ ಟೈಮ್ ಅಲ್ಲಿಗೆ ಹಂಗೇ ಹೊಂದಲ್ಲ, ಲಗ್ನ ಅನ್ನೋದು ಊರಿನ ಸೂರ್ಯೋದಯದ ಮೇಲೆ ನಿಂತಿರೋದು, ಪುರೋಹಿತರು ಆ ಜಾಗಕ್ಕೇ ಲೆಕ್ಕ ಹಾಕಿ ಕೊಡಬೇಕು, ಅದನ್ನ ನೀವು ಮುಂಚೆನೇ ಕೇಳಿ ಇಟ್ಕೊಳ್ಳಿ, ಯಾಕಂದ್ರೆ ನಿಮ್ಮ ಇಡೀ ಲೈಟ್ ಪ್ಲಾನ್ ಅದರ ಮೇಲಿದೆ.

ಮುಹೂರ್ತ ಬೆಳಿಗ್ಗೆ ಹತ್ತೂವರೆ ಅಂತಿಟ್ಕೊಳ್ಳಿ, ಜೂನ್ ತಿಂಗಳು, ಅಂಗಳದ ಸುತ್ತ ಎಂಟು ಮೀಟರ್ ಗೋಡೆ. ಆಗ ಸೂರ್ಯ ಆಗ್ನೇಯಕ್ಕೆ ವಾಲಿರೋ ಪೂರ್ವದಲ್ಲಿ, 55 ಡಿಗ್ರಿ ಹತ್ರ ಎತ್ತರದಲ್ಲಿರತ್ತೆ, ಅಂದ್ರೆ ಪೂರ್ವದ ಗೋಡೆಯ ನೆರಳು ಅಂಗಳದೊಳಗೆ ಐದೂವರೆ ಮೀಟರ್ ಬರತ್ತೆ. ಉಳಿದ ಅಂಗಳ ಪೂರ್ತಿ ಬಿಸಿಲು. ನೆತ್ತಿ ಮೇಲೆ ಬರೋದು ಅಲ್ಲಿ ಗಡಿಯಾರದ ಪ್ರಕಾರ ಹನ್ನೆರಡಕ್ಕಲ್ಲ, ಒಂದಕ್ಕೆ ಹತ್ತು ನಿಮಿಷ ಇದ್ದಾಗ, ಅಷ್ಟೊತ್ತಿಗೆ ಪೂರ್ವದ ಗೋಡೆ ನೆರಳು ಪೂರ್ತಿ ಹೋಗಿ ದಕ್ಷಿಣದ ಗೋಡೆ ಬುಡದಲ್ಲಿ ಎರಡೂವರೆ ಮೀಟರ್ ಮಾತ್ರ ಉಳಿದಿರತ್ತೆ. ನಮ್ಮ ಶಾಸ್ತ್ರಗಳು ಎರಡು ಗಂಟೆ ನಡೀತವೆ ಅಲ್ವಾ, ಕಾಶಿಯಾತ್ರೆ ನೆರಳಲ್ಲಿ ಶುರುವಾಗಿ ಸಪ್ತಪದಿ ಉರಿಬಿಸಿಲಲ್ಲಿ ಮುಗಿಯತ್ತೆ, ಎಡಿಟಲ್ಲಿ ಎರಡೂ ಬೇರೆ ಬೇರೆ ದಿನ ಆದಂಗೆ ಕಾಣತ್ತೆ. ಅದೂ ಅಲ್ದೆ ಪೂರ್ವಾಭಿಮುಖವಾಗಿ ಕೂರಿಸಿದ್ರೆ ಜೋಡಿ ಹಿಂದೆ ಬರೋದು ಪಶ್ಚಿಮದ ಗೋಡೆ, ಅದರ ಮೇಲೆ ನೇರ ಬಿಸಿಲು, ಅದು ಸುಣ್ಣದ ಗೋಡೆ, ಮುಂದೆ ಕೂತಿರೋ ಹುಡುಗಿ ಉಟ್ಟಿರೋದು ಬಿಳೀ ಧಾರೆ ಸೀರೆ ಕೆಂಪಂಚು. ಬಿಳಿ ಮುಂದೆ ಬಿಳಿ. ಎಕ್ಸ್‌ಪೋಶರ್, ಅಂದ್ರೆ ಎಷ್ಟು ಬೆಳಕು ತಗೋಬೇಕು ಅನ್ನೋದನ್ನ, ಆಟೋದಲ್ಲಿ ಬಿಟ್ರೆ ಕ್ಯಾಮೆರಾ ಗೋಡೆ ನೋಡಿ ಹೆದರಿ ಮುಖಗಳನ್ನ ಕಪ್ಪು ಮಾಡತ್ತೆ, ಮುಖಕ್ಕೆ ಇಟ್ರೆ ಗೋಡೆ, ಸೀರೆ ಎರಡೂ ಸುಟ್ಟು ಹೋಗತ್ತೆ, ಅಂಚಿನ ಕೆಂಪು ಮಾತ್ರ ಗಾಳಿಯಲ್ಲಿ ತೇಲ್ತಿರತ್ತೆ.

ಇದನ್ನ ಕ್ಯಾಮೆರಾ ಮೆನುವಿನಲ್ಲಿ ಸರಿ ಮಾಡೋಕಾಗಲ್ಲ, ಮಂಟಪ ಎಲ್ಲಿ ಕಟ್ತಾರೆ ಅನ್ನೋದ್ರಲ್ಲೇ ಸರಿ ಮಾಡಬೇಕು. ಹಿಂದಿನ ದಿನ ಅದೇ ಟೈಮಿಗೆ ಅಂಗಳದಲ್ಲಿ ನಿಂತ್ಕೊಂಡು ನೆರಳು ಎಲ್ಲಿಂದ ಎಲ್ಲಿಗೆ ಹೋಗತ್ತೆ ಅಂತ ನೋಡಿ, ಮೊಬೈಲಲ್ಲಿ ಸೂರ್ಯನ ದಾರಿ ತೋರಿಸೋ ಆ್ಯಪ್‌ಗಳೂ ಇವೆ. ಮಂಟಪದ ಮೇಲೆ ದಪ್ಪ ಬಿಳೀ ಕಾಟನ್ ಬಟ್ಟೆ ಕಟ್ಟಿಸಿ, ಬೆಳಕು ಸೋಸಿ ಬರತ್ತೆ, ಎರಡು ಗಂಟೆನೂ ಒಂದೇ ಥರ ಇರತ್ತೆ. ಹಿಂದಿನ ಗೋಡೆ ಕಾಣೋ ಜಾಗದಲ್ಲಿ ಹಸಿರು ಬರೋ ಹಂಗೆ ಡೆಕೊರೇಟರ್ ಹತ್ರ ಮಾತಾಡಿ. ಅಲ್ಲಿ ಮಾವಿನ ಎಲೆ ಬಾಳೆಕಂದು ಸುಲಭಕ್ಕೆ ಸಿಗಲ್ಲ, ಆಲಿವ್ ಕೊಂಬೆಯಲ್ಲೇ ತೋರಣ ಕಟ್ಟಿದ್ರೆ ತುಂಬಾ ಚೆನ್ನಾಗಿ ಕಾಣತ್ತೆ, ಎಲೆ ಮೇಲೆ ಹಸಿರು ಕೆಳಗೆ ಬೆಳ್ಳಿ ಬಣ್ಣ, ಗಾಳಿಗೆ ಅಲ್ಲಾಡಿದಾಗ ಮಿಣುಕತ್ತೆ. ಮಾವೇ ಬೇಕು ಅಂತ ಪ್ಲಾಸ್ಟಿಕ್ ತೋರಣ ತಂದು ಕಟ್ಟೋದು ನಂಗಂತೂ ಇಷ್ಟ ಇಲ್ಲ.

ಎನ್‌ಡಿ ಫಿಲ್ಟರ್, ಅಂದ್ರೆ ಲೆನ್ಸ್ ಮುಂದೆ ಹಾಕಿ ಬೆಳಕು ಕಡಿಮೆ ಮಾಡೋ ಕಪ್ಪು ಗಾಜು, ಅದರ ಬಗ್ಗೆ ಒಬ್ರು ಕೇಳಿದ್ರು. ಲೆಕ್ಕ ಸಿಂಪಲ್. ಪೂರ್ತಿ ಬಿಸಿಲಲ್ಲಿ ಐಎಸ್‌ಒ, ಅಂದ್ರೆ ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನೋ ನಂಬರ್, 800 ಇದ್ರೆ, ಲೆನ್ಸಿನ ಬಾಯಿ ಸಣ್ಣಗಿರೋ ಎಫ್16ಗೆ ಶಟರ್ 1/800 ಸೆಕೆಂಡ್ ಬೇಕು. ನೀವು ಇಡೋದು ಸೆಕೆಂಡಿಗೆ 25 ಫ್ರೇಮಿಗೆ 1/50, ಅಲ್ಲೇ ನಾಲ್ಕು ಸ್ಟಾಪ್ ಜಾಸ್ತಿ ಆಯ್ತು, ಒಂದು ಸ್ಟಾಪ್ ಅಂದ್ರೆ ಬೆಳಕು ಎರಡರಷ್ಟು, ಹಿಂದೆ ಬ್ಲರ್ ಬೇಕು ಅಂತ ಬಾಯಿ ಅಗಲ ಮಾಡಿ ಎಫ್2.8 ಇಟ್ರೆ ಇನ್ನೈದು, ಒಟ್ಟು ಒಂಬತ್ತು ಸ್ಟಾಪ್ ಕಡಿಮೆ ಮಾಡಬೇಕು. ನಮ್ಮಲ್ಲಿ ಎಲ್ರ ಹತ್ರ ಇರೋ ಎರಡರಿಂದ ಐದು ಸ್ಟಾಪಿನ ವೇರಿಯಬಲ್ ಎನ್‌ಡಿ ಅಲ್ಲಿ ಸಾಲಲ್ಲ, ಆರರಿಂದ ಒಂಬತ್ತರದ್ದು ಇನ್ನೊಂದು ತಗೊಂಡು ಹೋಗಿ. ಅಲ್ಲೂ ಕರೆಂಟ್ ನಮ್ಮ ಥರಾನೇ 230 ವೋಲ್ಟ್ 50 ಹರ್ಟ್ಸ್, ಹಂಗಾಗಿ ಲೈಟ್ ಮಿಟುಕೋ ಸಮಸ್ಯೆಗೆ ನಮ್ಮ ಸೆಟ್ಟಿಂಗೇ ನಡೆಯತ್ತೆ. ಹಳೇ ಮನೆಗಳಲ್ಲಿ ಲೋಡ್ ಮಾತ್ರ ಕೇಳ್ಕೊಳ್ಳಿ, ಇಟಲಿಯಲ್ಲಿ ಸಾಮಾನ್ಯ ಮನೆಗೆ ಕೊಡೋದು 3 ಕಿಲೋವ್ಯಾಟ್, ಅಡುಗೆಯವರು, ಡಿಜೆ, ನಿಮ್ಮ ಲೈಟು ಎಲ್ಲಾ ಒಂದೇ ಲೈನಲ್ಲಿ ಹಾಕಿದ್ರೆ ಟ್ರಿಪ್ ಆಗತ್ತೆ. ಮದುವೆ ನಡೆಸೋ ಮನೆಗಳಲ್ಲಿ ಜಾಸ್ತಿ ಲೋಡ್ ಇರತ್ತೆ ಅಥವಾ ಜನರೇಟರ್ ತರಿಸ್ತಾರೆ, ಆದ್ರೂ ಕೇಳಿ.

ಸುಣ್ಣದ ಗೋಡೆ ಬಗ್ಗೆ ಇನ್ನೊಂದು ಮಾತು. ಅದು ಶತ್ರು ಅಲ್ಲ, ನಿಮ್ಮ ದೊಡ್ಡ ರಿಫ್ಲೆಕ್ಟರ್ ಅದೇ. ನೆರಳಲ್ಲಿ ಕೂತಿರೋ ಅಜ್ಜಿ ಮುಖಕ್ಕೆ ಎದುರುಗಡೆ ಬಿಸಿಲು ಬಿದ್ದಿರೋ ಗೋಡೆಯಿಂದ ಬರೋ ಬೆಳಕು ಇದೆಯಲ್ಲ, ಅಷ್ಟು ಮೆತ್ತಗಿನ ಬೆಳಕನ್ನ ಯಾವ ಸಾಫ್ಟ್‌ಬಾಕ್ಸೂ ಕೊಡಲ್ಲ. ಆದ್ರೆ ಗೋಡೆ ಸುತ್ತಲಿನ ಬಣ್ಣನೆಲ್ಲ ಹೀರಿ ವಾಪಸ್ ಎಸೆಯತ್ತೆ, ನೆರಳಲ್ಲಿ ಆಕಾಶದ ನೀಲಿ, ಸಂಜೆ ಕಿತ್ತಳೆ, ಕೆಂಪು ಮಣ್ಣಿನ ಹತ್ರ ಕೆಂಪು. ವೈಟ್ ಬ್ಯಾಲೆನ್ಸ್, ಅಂದ್ರೆ ಬೆಳಕಿಗೆ ತಕ್ಕಂಗೆ ಬಣ್ಣ ಸರಿ ಮಾಡೋ ಸೆಟ್ಟಿಂಗ್, ಅದನ್ನ ಆಟೋದಲ್ಲಿ ಬಿಡಬೇಡಿ, ಅರಿಶಿನ ಹಚ್ಚಿರೋ ಕೆನ್ನೆ ಒಂದು ಶಾಟಲ್ಲಿ ಹಳದಿ ಇನ್ನೊಂದರಲ್ಲಿ ಹಸಿರಾಗತ್ತೆ. ಲಾಕ್ ಮಾಡಿ, ಎಲ್ಲಾ ಕ್ಯಾಮೆರಾದಲ್ಲೂ ಒಂದೇ ನಂಬರ್.

ಸೌಂಡು. ಒಳಗಿನ ಕೋಣೆಗಳಿಗೆ ಮರದ ತೊಲೆ ಅಲ್ಲ, ಕಲ್ಲಿನ ಕಮಾನು ಛಾವಣಿ. ಅರ್ಧ ಪೀಪಾಯಿ ಆಕಾರದ್ದು ಕೆಲವು, ನಕ್ಷತ್ರದ ಆಕಾರದಲ್ಲಿ ಕೂಡೋ ಕಮಾನು ಕೆಲವು, ಪುಲಿಯಾದ ಕುಶಲತೆ ಅಂದ್ರೆ ಈ ನಕ್ಷತ್ರದ ಕಮಾನೇ, ಕಬ್ಬಿಣ ಇಲ್ಲ ಏನಿಲ್ಲ, ಕಲ್ಲು ಕಲ್ಲನ್ನ ಹಿಡ್ಕೊಂಡು ನಿಂತಿರೋದು. ಕಣ್ಣಿಗೆ ಹಬ್ಬ, ಕಿವಿಗೆ ಕಷ್ಟ. ಬಾಗಿದ ಕಲ್ಲು ಧ್ವನಿಯನ್ನ ಒಟ್ಟುಗೂಡಿಸಿ ವಾಪಸ್ ಎಸೆಯತ್ತೆ, ಮಗಳಿಗೆ ಅಲಂಕಾರ ಮಾಡ್ತಾ ತಾಯಿ ಮೆಲ್ಲಗೆ ಏನೋ ಹೇಳ್ತಾರೆ, ಕ್ಯಾಮೆರಾ ಮೇಲಿನ ಮೈಕಲ್ಲಿ ಅದು ಬಾವಿಯೊಳಗಿಂದ ಬಂದಂಗೆ ಕೇಳತ್ತೆ. ಬಟ್ಟೆಗೆ ಸಿಕ್ಕಿಸೋ ಲೇಪಲ್ ಮೈಕ್ ಹಾಕ್ಲೇಬೇಕು, ನೆಲಕ್ಕೆ ಜಮಖಾನ ಹಾಸಿ, ಫ್ರೇಮಿಂದ ಹೊರಗೆ ಹಾಸಿಗೆ, ದಿಂಬು, ಬಟ್ಟೆ ಏನಾದ್ರೂ ಇಡಿ, ಅರ್ಧ ಸಮಸ್ಯೆ ಹೋಗತ್ತೆ. ಹೊರಗಡೆ ಗಾಳಿ. ಉತ್ತರದಿಂದ ಬೀಸೋ ಟ್ರಮೊಂತಾನಾ ಆಕಾಶ ತೊಳೆದು ಕೊಡತ್ತೆ, ದೂರದ ಸಮುದ್ರನೂ ಗೆರೆ ಎಳೆದಂಗೆ ಕಾಣತ್ತೆ, ಆದ್ರೆ ಮೈಕಿಗೆ ಕಷ್ಟ. ಆಫ್ರಿಕಾ ಕಡೆಯಿಂದ ಬರೋ ಶಿರೋಕ್ಕೋ ಬಂದ್ರೆ ಸಹಾರಾ ಧೂಳು, ತೇವ, ಆಕಾಶ ಹಾಲು ಚೆಲ್ಲಿದಂಗೆ, ಆ ದಿನ ದೂರದ ಶಾಟ್ ಆಸೆ ಬಿಟ್ಟು ಹತ್ತಿರದ್ದು ತೆಗೀರಿ. ಮದುವೆ ಮನೆ ಸ್ಥಳೀಯರಿಗೆ ಬೆಳಿಗ್ಗೆ ಎದ್ದ ತಕ್ಷಣ ಯಾವ ಗಾಳಿ ಅಂತ ಗೊತ್ತಿರತ್ತೆ, ಅಡುಗೆಮನೆಯವರನ್ನ ಕೇಳಿದ್ರೆ ಸಾಕು.

ಇನ್ನೊಂದು, ಅಲ್ಲಿ ಓಲಗದವರು ಇರಲ್ಲ, ಹೆಚ್ಚಿನ ಕಡೆ ಸ್ಪೀಕರಲ್ಲಿ ರೆಕಾರ್ಡ್ ಹಾಕ್ತಾರೆ. ಮಾಂಗಲ್ಯಧಾರಣೆ ಹೊತ್ತಿಗೆ ಗಟ್ಟಿಮೇಳ ಅಂತ ಕೂಗಿದ ತಕ್ಷಣ ಡಿಜೆ ಹುಡುಗ ವಾಲ್ಯೂಮ್ ಪೂರ್ತಿ ಏರಿಸ್ತಾನೆ, ಕಲ್ಲಿನ ಅಂಗಳದಲ್ಲಿ ಅದು ನಾಲ್ಕು ಗೋಡೆಗೂ ಬಡಿದು ನಿಮ್ಮ ರೆಕಾರ್ಡಿಂಗಲ್ಲಿ ಧ್ವನಿ ಒಡೆದು ಹೋಗತ್ತೆ. ಪುರೋಹಿತರ ಮೈಕಿಗೆ ಕಡಿಮೆ ಲೆವೆಲಲ್ಲಿ ಇನ್ನೊಂದು ಬ್ಯಾಕಪ್ ಟ್ರ್ಯಾಕ್ ಇಟ್ಕೊಳ್ಳಿ. ಮಂತ್ರ, ತಂದೆ ಧಾರೆ ಎರೆಯೋವಾಗಿನ ಧ್ವನಿ, ಇವು ಎರಡನೇ ಸಲ ಸಿಗಲ್ಲ.

ಮಸ್ಸೆರಿಯಾದಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟದ ಜಾಗ ನೆಲದ ಕೆಳಗಿದೆ. ಹಳೇ ತೋಟಗಳಲ್ಲಿ ಬಂಡೆ ಕೊರೆದು ಮಾಡಿದ ಎಣ್ಣೆ ಗಾಣ ಇರತ್ತೆ, ಮೆಟ್ಟಿಲಿಳಿದು ಹೋಗಬೇಕು. ಮಧ್ಯೆ ದೊಡ್ಡ ವೃತ್ತಾಕಾರದ ಕಲ್ಲಿನ ತೊಟ್ಟಿ, ಅದರೊಳಗೆ ನಿಂತಿರೋ ಗಾಣದ ಕಲ್ಲು, ಅದನ್ನ ಸುತ್ತಿಸ್ತಿದ್ದುದು ಹೇಸರಗತ್ತೆ ಅಥವಾ ಕತ್ತೆ, ಕಣ್ಣಿಗೆ ಬಟ್ಟೆ ಕಟ್ಟಿ. ಪಕ್ಕದಲ್ಲಿ ಮರದ ಸ್ಕ್ರೂ ಪ್ರೆಸ್ ನಿಲ್ಲಿಸ್ತಿದ್ದ ಗೂಡುಗಳು, ಗೋಡೆ ಮೇಲೆ ದೀಪದ ಮಸಿ ಇನ್ನೂ ಇದೆ. ನೆಲದ ಕೆಳಗೆ ಯಾಕೆ ಮಾಡಿದ್ರು ಅಂದ್ರೆ ಚಳಿಗಾಲದಲ್ಲಿ ಆಲಿವ್ ಎಣ್ಣೆ ಹೆಪ್ಪುಗಟ್ಟತ್ತೆ, ಕೆಳಗೆ ಬೆಚ್ಚಗಿದ್ರೆ ಎಣ್ಣೆ ಹರೀತದೆ. ಕೊಯ್ಲು ಶುರುವಾದಾಗ ಕೆಳಗಿಳಿದ ಕೆಲಸದವರು ತಿಂಗಳುಗಟ್ಟಲೆ ಅಲ್ಲೇ ದುಡಿದು ಅಲ್ಲೇ ಮಲಗ್ತಿದ್ರು. ಅಲ್ಲಿಂದ ಬಂದ ಎಣ್ಣೆ ಬರೀ ಊಟಕ್ಕಲ್ಲ, ಪುಲಿಯಾದ್ದೇ ಆದ ಗಲ್ಲಿಪೋಲಿ ಬಂದರಿನಿಂದ ಹಡಗಲ್ಲಿ ಹೋಗಿ 18ನೇ ಶತಮಾನದಲ್ಲಿ ಲಂಡನ್ ಥರದ ಊರುಗಳ ದೀಪ ಉರಿಸ್ತಿತ್ತು.

ಈ ಜಾಗನ ಹೆಚ್ಚಿನ ಮದುವೆಗಳಲ್ಲಿ ವೈನ್ ಇಡೋಕೆ, ಕಾಕ್‌ಟೇಲ್ ಬಾರ್ ಮಾಡೋಕೆ ಬಳಸ್ತಾರೆ, ಅಥವಾ ಜೋಡಿಯನ್ನ ನಿಲ್ಲಿಸಿ ಬಣ್ಣದ ಹೊಗೆ ಬಿಟ್ಟು ಶೂಟ್ ಮಾಡ್ತಾರೆ. ಹೊಗೆ ಬೇಡ, ದಯವಿಟ್ಟು. ಅಷ್ಟು ಜನ ಬೆವರು ಸುರಿಸಿದ ಜಾಗ ಅದು. ನಾನು ಮಾಡೋದು ಇಷ್ಟೇ, ಹಿಂದಿನ ದಿನ ಎರಡೂ ಕಡೆಯ ಹಿರಿಯರನ್ನ ಒಬ್ಬೊಬ್ಬರಾಗಿ ಅಲ್ಲಿಗೆ ಕರ್ಕೊಂಡು ಹೋಗಿ ಕೂರಿಸಿ ಮಾತಾಡಿಸ್ತೀನಿ, ಮೆಟ್ಟಿಲ ಕಡೆಯಿಂದ ಬರೋ ಬೆಳಕು ಒಂದೇ, ಇನ್ನೊಂದು ಸಣ್ಣ ಎಲ್‌ಇಡಿ. ಹೊರಗಿನ ಸದ್ದು ಕೆಳಗೆ ಬರಲ್ಲ. ಹಳ್ಳಿಯಲ್ಲಿ ಹುಟ್ಟಿ ಬೆಳೆದ ನಮ್ಮ ಅಜ್ಜಂದಿರು ಆ ಗಾಣ ನೋಡಿದ ತಕ್ಷಣ ಕೇಳದೇನೇ ಮಾತಾಡೋಕೆ ಶುರು ಮಾಡ್ತಾರೆ, ಅವರೂರಿನ ಎತ್ತಿನ ಗಾಣ, ಕಡ್ಲೆಕಾಯಿ ಎಣ್ಣೆ, ಹಿಂಡಿ, ಗಾಣದವರ ಮನೆ. ಮದುವೆಗೂ ಇದಕ್ಕೂ ಏನು ಸಂಬಂಧ ಅಂತ ಕ್ಲೈಂಟ್ ಕೇಳಬಹುದು. ಮೊಮ್ಮಗಳ ಮದುವೆ ಫಿಲ್ಮಲ್ಲಿ ಅಜ್ಜನ ಆ ಎರಡು ನಿಮಿಷ ಇದ್ರೆ ಹತ್ತು ವರ್ಷ ಆದ್ಮೇಲೆ ಮನೆಯವರು ತಿರುಗಿ ತಿರುಗಿ ನೋಡೋದು ಅದನ್ನೇ, ಎಂಟ್ರಿ ಸಾಂಗನ್ನಲ್ಲ.

ಇಟಾಲಿಯನ್ ಜೋಡಿಗಳ ಮದುವೆ ಬಗ್ಗೆನೂ ಕೇಳಿದ್ರಿ, ಅದನ್ನೂ ಮಾಡೋದರಿಂದ ಹೇಳ್ತೀನಿ. ಪುಲಿಯಾದ ಕೆಲವು ಊರುಗಳಲ್ಲಿ ಮದುವೆ ಮುಂಚಿನ ರಾತ್ರಿ ಹುಡುಗ ಹಾಡುಗಾರರನ್ನ ಕಟ್ಕೊಂಡು ಹುಡುಗಿ ಮನೆ ಕೆಳಗೆ ಬಂದು ಹಾಡ್ತಾನೆ, ಅವಳು ಬಾಲ್ಕನಿಗೆ ಬರೋವರೆಗೆ, ಬೀದಿಯವರೆಲ್ಲಾ ಸೇರ್ತಾರೆ. ಇದು ಮಸ್ಸೆರಿಯಾದಲ್ಲಿ ಅಲ್ಲ, ಊರೊಳಗೆ ನಡೆಯೋದು, ಕಾಂಟ್ರಾಕ್ಟಲ್ಲಿ ಇಲ್ಲದಿದ್ರೂ ಹೋಗಿ ತೆಗೀರಿ. ಕ್ಯಾಥೊಲಿಕ್ ಮದುವೆ ಚರ್ಚಲ್ಲೇ ಆಗಬೇಕು, ಮಸ್ಸೆರಿಯಾದೊಳಗಿನ ಸಣ್ಣ ಚಾಪೆಲ್ ಇದೆಯಲ್ಲ ಅಲ್ಲಿ ಮಾಡೋಕೆ ಧರ್ಮಪ್ರಾಂತ್ಯದ, ಅಂದ್ರೆ ಆ ಭಾಗದ ಬಿಷಪ್ ಕಡೆಯ ಒಪ್ಪಿಗೆ ಬೇಕು. ಸಿವಿಲ್ ಮದುವೆ ಆದ್ರೆ ಮೇಯರ್ ಅಥವಾ ಅವರ ಪ್ರತಿನಿಧಿ ಹಸಿರು ಬಿಳಿ ಕೆಂಪು ಪಟ್ಟಿ ಹಾಕ್ಕೊಂಡು ಬಂದು ಗಂಡ ಹೆಂಡತಿ ಹಕ್ಕು ಕರ್ತವ್ಯದ ಕಾನೂನು ಕಲಂಗಳನ್ನ ಓದ್ತಾರೆ, ಹತ್ತು ಹದಿನೈದು ನಿಮಿಷದಲ್ಲಿ ಮುಗಿದೇ ಹೋಗತ್ತೆ, ರೆಡಿ ಇರಬೇಕು. ಹೊರಗೆ ಬಂದ ತಕ್ಷಣ ಜೋಡಿ ಮೇಲೆ ಅಕ್ಕಿ ಎರಚ್ತಾರೆ, ಹೌದು, ಅಕ್ಕಿನೇ. ನಮ್ಮ ಮದುವೆಗೆ ಬಂದ ಇಟಾಲಿಯನ್ ಅಜ್ಜಿಯರಿಗೆ ಅಕ್ಷತೆ ಕೈಗೆ ಕೊಟ್ರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಕಿ ಬೀಳೋದಕ್ಕೆ 100 ಫ್ರೇಮ್ ಸ್ಲೋ ಮೋಶನ್ ಇಡಿ, ನೆರಳಿನ ಹಿನ್ನೆಲೆ ಇರೋ ಕಡೆ ನಿಂತ್ಕೊಳ್ಳಿ, ಬಿಳಿ ಗೋಡೆ ಮುಂದೆ ಅಕ್ಕಿ ಕಾಣಲ್ಲ.

ಆಮೇಲೆ ಊಟ. ಅಲ್ಲಿ ಮದುವೆ ಊಟ ಐದಾರು ಗಂಟೆ, ಕೆಲವು ಸಲ ಇನ್ನೂ ಜಾಸ್ತಿ. ಶುರುವಲ್ಲೇ ಅಂಗಳದ ಮೂಲೆಯಲ್ಲಿ ಚೀಸ್ ಮಾಡೋರು ಒಬ್ರು ಟೇಬಲ್ ಹಾಕ್ಕೊಂಡು ನಿಂತಿರ್ತಾರೆ. ಮೊಸರಿನ ಗಡ್ಡೆ ಥರದ್ದನ್ನ ಕತ್ತರಿಸಿ ಬಟ್ಟಲಿಗೆ ಹಾಕಿ ಮೇಲಿಂದ ಬಿಸಿನೀರು ಸುರೀತಾರೆ, ಮರದ ಕೋಲಲ್ಲಿ ಎತ್ತಿ ಎತ್ತಿ ಎಳೀತಾರೆ, ಅದು ರೇಷ್ಮೆ ಥರ ಹೊಳೆಯೋಕೆ ಶುರುವಾದಾಗ ಕೈ ಹಾಕಿ, ಆ ಬಿಸಿಗೆ ಕೈ ಕೆಂಪಗಾಗಿರತ್ತೆ, ಹೆಬ್ಬೆರಳು ತೋರುಬೆರಳ ಮಧ್ಯೆ ಒಂದು ಉಂಡೆ ಹಿಸುಕಿ ಕಿತ್ತು ತಣ್ಣೀರಿಗೆ ಹಾಕ್ತಾರೆ, ಇಲ್ಲಾಂದ್ರೆ ಗಂಟು ಹಾಕಿ ಹಾಕ್ತಾರೆ. ಅದನ್ನ ಹತ್ತಿರದಿಂದ, 85 ಎಂಎಂ ಲೆನ್ಸಲ್ಲಿ, ಕೈ ಮಾತ್ರ, ಕಟ್ ಮಾಡದೆ ಒಂದು ನಿಮಿಷ ತೆಗೀರಿ, ಹಿಂದಿನಿಂದ ಬೆಳಕು ಬಂದ್ರೆ ಹಬೆ ಕಾಣತ್ತೆ. ಇದನ್ನ ಎರಡು ಸೆಕೆಂಡ್ ತುಂಡು ಮಾಡಿ ಮ್ಯೂಸಿಕ್ಕಿಗೆ ಹೊಡೆಯೋದನ್ನ ಎಲ್ರೂ ಮಾಡ್ತಾರೆ. ಆ ಕೈ ಕೆಲಸಕ್ಕೆ ಅದರದ್ದೇ ತಾಳ ಇದೆ, ಅದನ್ನ ಹಂಗೇ ಇರೋಕೆ ಬಿಡಿ.

ಡ್ರೋನ್ ವಿಷಯ ಬೇಗ ಮುಗಿಸ್ತೀನಿ. ಯುರೋಪಿಯನ್ ಒಕ್ಕೂಟದ ಎಲ್ಲಾ ದೇಶಕ್ಕೂ 2020ರ ಡಿಸೆಂಬರ್ 31ರಿಂದ ಒಂದೇ ನಿಯಮ, 120 ಮೀಟರ್ ಮೇಲೆ ಹೋಗೋ ಹಂಗಿಲ್ಲ, ಜನ ಗುಂಪುಗೂಡಿರೋ ಕಡೆ ಮೇಲೆ ಹಾರಿಸೋ ಹಂಗಿಲ್ಲ, ಸಣ್ಣ ಡ್ರೋನ್ ಆದ್ರೂ ಅಷ್ಟೇ. ಕ್ಯಾಮೆರಾ ಇದ್ರೆ ಆಪರೇಟರ್ ರಿಜಿಸ್ಟ್ರೇಶನ್ ಬೇಕು, ಇಟಲಿಯಲ್ಲಿ ಇನ್ಶೂರೆನ್ಸ್ ಕಡ್ಡಾಯ. ಪುಲಿಯಾದಲ್ಲಿ ಬಾರಿ, ಬ್ರಿಂದಿಸಿ ಏರ್‌ಪೋರ್ಟ್, ಜೋಯಾ ದೆಲ್ ಕೊಲ್ಲೆ ವಾಯುನೆಲೆ ಇರೋದರಿಂದ ಮ್ಯಾಪ್ ನೋಡ್ಲೇಬೇಕು. ಇಲ್ಲಿಂದ ಡ್ರೋನ್ ಹೊತ್ಕೊಂಡು ಹೋಗೋದು ಬೇಡ, 2022ರಿಂದ ವಿದೇಶಿ ಡ್ರೋನ್ ಆಮದು ನಮ್ಮಲ್ಲಿ ನಿಷೇಧ, ವಾಪಸ್ ಬರೋವಾಗ ಕಸ್ಟಮ್ಸಲ್ಲಿ ಕಷ್ಟ. ಅಲ್ಲಿನ ಪೈಲಟ್ ಒಬ್ಬರನ್ನ ಬುಕ್ ಮಾಡಿ. ಉಳಿದ ಕ್ಯಾಮೆರಾ ಸಾಮಾನಿಗೆ ಎಟಿಎ ಕಾರ್ನೆ, ಅಂದ್ರೆ ಸಾಮಾನನ್ನ ಸುಂಕ ಕಟ್ಟದೆ ತಗೊಂಡು ಹೋಗಿ ವಾಪಸ್ ತರೋಕೆ ಬೇಕಾದ ಕಸ್ಟಮ್ಸ್ ಪತ್ರ, ಮಾಡಿಸ್ಕೊಳ್ಳಿ, ಭಾರತದಲ್ಲಿ ಉದ್ಯಮಿಗಳ ಒಕ್ಕೂಟ ಫಿಕ್ಕಿ ಕೊಡತ್ತೆ, ಬ್ಯಾಟರಿಗಳು ಹ್ಯಾಂಡ್ ಲಗೇಜಲ್ಲಿ, 100 ವ್ಯಾಟ್ ಅವರ್ ಒಳಗಿನದ್ದು. ದುಡಿಯೋಕೆ ಹೋಗ್ತಿದ್ದೀರಿ ಅಂದ್ರೆ ದುಡಿಯೋ ವೀಸಾ ಬಗ್ಗೆ ಕಾನ್ಸುಲೇಟಲ್ಲಿ ಕೇಳಿ, ಟೂರಿಸ್ಟ್ ವೀಸಾದಲ್ಲಿ ಹೋಗಿ ಬರೋಣ ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ.

ಡ್ರೋನ್ ಅಂದ್ರೆ ಇನ್ನೊಂದು ನೆನಪಾಯ್ತು, ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. 2013ರಲ್ಲಿ ಗಲ್ಲಿಪೋಲಿ ಹತ್ರ ಆಲಿವ್ ಮರಗಳಲ್ಲಿ ಕ್ಸೈಲೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಪತ್ತೆಯಾಯ್ತು. ಗಿಡದ ರಸ ಹೀರೋ ಒಂದು ಸಣ್ಣ ಕೀಟ ಅದನ್ನ ಮರದಿಂದ ಮರಕ್ಕೆ ಒಯ್ಯತ್ತೆ, ಒಳಗಿನ ನೀರಿನ ನಾಳ ಕಟ್ಟಿಹೋಗಿ ಮರ ನಿಂತ ನಿಂತಲ್ಲೇ ಒಣಗತ್ತೆ. ಪುಲಿಯಾದ ದಕ್ಷಿಣ ಭಾಗದಲ್ಲಿ ಲಕ್ಷಗಟ್ಟಲೆ ಮರ ಸತ್ತು ಹೋಗಿವೆ, ತಲೆತಲಾಂತರದಿಂದ ಒಂದೇ ಮನೆತನ ನೋಡ್ಕೊಂಡು ಬಂದ ಮರಗಳು. ಆ ಭಾಗದ ಮಸ್ಸೆರಿಯಾ ಮೇಲೆ ಡ್ರೋನ್ ಏರಿಸಿದ್ರೆ ಸುತ್ತ ಕಾಣೋದು ಬೂದು ಬಣ್ಣದ ಒಣಗಿದ ತೋಪು. ಕೆಲವರು ಎಡಿಟಲ್ಲಿ ಅದನ್ನ ಹಸಿರು ಮಾಡ್ತಾರೆ. ಮಾಡಬೇಡಿ. ಮದುವೆ ಫಿಲ್ಮಲ್ಲಿ ಸತ್ತ ಮರ ತೋರ್ಸಿ ಅಂತ ನಾನು ಹೇಳ್ತಿಲ್ಲ, ಡ್ರೋನ್ ಏರಿಸದೇ ಇದ್ರಾಯ್ತು, ಅಂಗಳದೊಳಗೇ ಬೇಕಾದಷ್ಟಿದೆ. ಆದ್ರೆ ಇಲ್ಲದ ಹಸಿರನ್ನ ಕಂಪ್ಯೂಟರಲ್ಲಿ ಬಳಿದು ಆ ಮನೆಯವರಿಗೆ ತೋರಿಸೋದಿದೆಯಲ್ಲ, ಅವರ ಮುಖ ನೋಡೋಕಾಗಲ್ಲ. ಉತ್ತರಕ್ಕೆ, ಒಸ್ತೂನಿ ಫಸಾನೋ ಕಡೆ, ದೊಡ್ಡ ಹಳೇ ಮರಗಳು ಇನ್ನೂ ಇವೆ, ಅಂಥ ಮರಗಳ ರಕ್ಷಣೆಗೆ 2007ರಲ್ಲೇ ಪ್ರಾದೇಶಿಕ ಕಾನೂನು ಬಂದಿದೆ, ಮೊಳೆ ಹೊಡೆದು ಲೈಟ್ ಕಟ್ಟೋದು, ಕೊಂಬೆ ಮೇಲೆ ಜೋಡಿನ ಹತ್ತಿಸೋದು ಮಾಡ್ಲೇಬೇಡಿ. ತಿರುಚಿಕೊಂಡು ಮಧ್ಯೆ ಟೊಳ್ಳಾಗಿರೋ ಆ ಕಾಂಡದ ಪಕ್ಕ ಸುಮ್ನೆ ನಿಲ್ಲಿಸಿದ್ರೆ ಸಾಕು.

ಹಂಗೇ ನೆಲ. ಅಲ್ಲಿನ ಕಲ್ಲು ಮೆತ್ತಗಿನ ಸುಣ್ಣಕಲ್ಲು, ಹೀರ್ಕೊಳ್ಳತ್ತೆ. ಅರಿಶಿನ, ಕುಂಕುಮ, ಹೋಮದ ತುಪ್ಪ ಬಿದ್ರೆ ಹೋಗಲ್ಲ. ಇದು ಡೆಕೊರೇಟರ್ ಕೆಲಸ ನಿಜ, ಆದ್ರೆ ಅರಿಶಿನ ಶಾಸ್ತ್ರದಲ್ಲಿ ಒಳ್ಳೇ ಶಾಟ್ ಬರಲಿ ಅಂತ ಇನ್ನೂ ಎರಚಿ ಎರಚಿ ಅನ್ನೋರು ನಾವೇ ಅಲ್ವಾ, ಕೆಳಗೆ ಹಾಸಿದಾರಾ ನೋಡ್ಕೊಂಡು ಹೇಳಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಬಯಲಲ್ಲಿ ಬೆಂಕಿ ಹಾಕೋದಕ್ಕೆ ನಿರ್ಬಂಧ ಇರತ್ತೆ, ಹೋಮ ಎಲ್ಲಿ, ಎಷ್ಟು ದೊಡ್ಡದು, ಯಾರ ಒಪ್ಪಿಗೆ, ಇದೆಲ್ಲ ಮೊದ್ಲೇ ತೀರ್ಮಾನ ಆಗಿರಬೇಕು, ಕುಂಡ ಎಲ್ಲಿ ಅಂತ ಗೊತ್ತಾದ್ರೆ ತಾನೇ ನಿಮ್ಮ ಎರಡನೇ ಕ್ಯಾಮೆರಾ ಎಲ್ಲಿ ಅಂತ ಗೊತ್ತಾಗೋದು.

ಕೊನೇಲಿ ಒಬ್ಬ ಹುಡುಗ ಕೇಳಿದ, ಸರ್ ಇಷ್ಟೆಲ್ಲಾ ಮನೆ ಬಗ್ಗೆ ತೆಗೆದ್ರೆ ಜೋಡಿ ಎಲ್ಲಿ, ಅವರು ದುಡ್ಡು ಕೊಟ್ಟಿರೋದು ಅವರ ಮದುವೆಗೆ ಅಲ್ವಾ ಅಂತ. ನ್ಯಾಯವಾದ ಪ್ರಶ್ನೆ. ಅರ್ಧ ಗಂಟೆ ಫಿಲ್ಮಲ್ಲಿ ಬರೀ ಮನೆ ಅಂತ ಕಾಣೋದು ಎರಡೂವರೆ ಮೂರು ನಿಮಿಷ ಮೀರಬಾರದು ಅನ್ನೋದು ನನ್ನ ಲೆಕ್ಕ. ಉಳಿದದ್ದೆಲ್ಲ ಜನ. ಆದ್ರೆ ಆ ಜನ ನಿಂತಿರೋ ಬಾಗಿಲು, ಕೂತಿರೋ ನೆರಳು, ಮಾತಾಡೋ ಕೋಣೆ ಯಾವುದು ಅಂತ ಆರಿಸೋದು ಮನೆ ನೋಡಿ. 1950ರ ಭೂಸುಧಾರಣೆ ಆದ್ಮೇಲೆ ಈ ದೊಡ್ಡ ಜಮೀನುಗಳಲ್ಲಿ ಸುಮಾರು ಒಡೆದು ಹಂಚಿಹೋಗಿ, ಕೂಲಿಯವರು ಕೆಲಸ ಹುಡುಕ್ಕೊಂಡು ಉತ್ತರಕ್ಕೆ ಹೋಗಿ, ತುಂಬಾ ಮಸ್ಸೆರಿಯಾ ಪಾಳು ಬಿದ್ದಿದ್ವು. 1985ರಲ್ಲಿ ತೋಟದ ಮನೆಯಲ್ಲಿ ಅತಿಥಿಗಳನ್ನ ಇಟ್ಕೊಳ್ಳೋಕೆ ಇಡೀ ಇಟಲಿಗೆ ಕಾನೂನು ಬಂತು, ಆಮೇಲೆ ನಿಧಾನಕ್ಕೆ ಒಂದೊಂದೇ ರಿಪೇರಿ ಆದ್ವು. ಈಗ ಛಾವಣಿ ನಿಂತಿರೋದು, ಸುಣ್ಣ ಬಳಿಯೋದು ಮದುವೆ ದುಡ್ಡಲ್ಲಿ. ಹಂಗಾಗಿ ಮನೆ ತೆಗೆದಿದ್ದನ್ನ, ಗಾಣ, ಕಮಾನು, ಬಾಗಿಲು, ಜನ ಇಲ್ಲದ ಬೆಳಗಿನ ಅಂಗಳ, ಅದಷ್ಟನ್ನ ಬೇರೆ ಫೋಲ್ಡರ್ ಮಾಡಿ ಮನೆಯವರಿಗೆ ಕೊಟ್ಟು ಬನ್ನಿ, ಜೋಡಿಯ ಒಪ್ಪಿಗೆ ತಗೊಂಡು, ಅವರ ಮುಖ ಇಲ್ಲದ ಶಾಟ್ ಮಾತ್ರ. ದುಡ್ಡು ಕೇಳಬೇಡಿ. ಮಾರನೇ ವರ್ಷ ಅದೇ ಮನೆಗೆ ಹೋದಾಗ ಮಾಳಿಗೆ ಮೇಲಿನ ಕೋಣೆ ಬೀಗದ ಕೈ ಅವರೇ ತಂದು ಕೊಡ್ತಾರೆ.